ಒಬ್ಬರೇ ಹೊಡೆದರು

“ನಿಮ್ಮ ಮನೇದೇ ರಕ್ತ, ನೀನೇ ಒರ್ಸು ಬೋಸುಡಿ. ಫಿನೈಲ್ ಜಾಸ್ತಿ ಹಾಕು. ಮಧ್ಯಾಹ್ನ ದೊಡ್ಡ ಸಾಹೇಬ್ರು ಬರ್ತಾರೆ.”

ಸಣ್ಣ ಸಾಹೇಬರು, ಅಂದರೆ ಎಸ್ಸೈ, ಹೀಗೆಂದ ಮೇಲೆ ಅಕ್ಕ ಒರೆಸಿದಳು. ಠಾಣೆಯ ಕಸಗುಡಿಸುವುದು, ನೆಲ ಒರೆಸುವುದು ಅವಳ ಕೆಲಸ. ಕಲ್ಲಿನ ಸಂದಿಗೆ ಇಳಿದದ್ದು ಬಟ್ಟೆಗೆ ಬರಲಿಲ್ಲವೆಂದು ಹಲ್ಲುಜ್ಜುವ ಹಳೇ ಬ್ರಷ್ಷು ತಂದು ತಿಕ್ಕಿದಳು. ತಿಕ್ಕುತ್ತ ಹೋದಾಗ ಒಂದು ಕಾಲು ಅಡ್ಡ ಬಂತು. ನನ್ನ ಗಂಡನ ಕಾಲು. “ಸ್ವಲ್ಪ ತೆಗಿಯಪ್ಪ” ಎಂದಳಂತೆ. ತೆಗೆಯಲು ಅವನಿಗೆ ಆಗಲಿಲ್ಲ, ಮೊಣಕಾಲು ಒಡೆದಿತ್ತು. ಅಕ್ಕನೇ ಅದನ್ನು ಎತ್ತಿ, ಕೆಳಗೆ ಒರೆಸಿ, ಎಲ್ಲಿತ್ತೋ ಅಲ್ಲೇ ಇಟ್ಟಳು.

ಅಕ್ಕ ಎಂದರೆ ನನ್ನ ವಾರಗಿತ್ತಿ, ಗಂಡನ ಅಣ್ಣನ ಹೆಂಡತಿ. ನನ್ನ ಗಂಡ ಮಂಡಿಯಲ್ಲಿ ಮೂಟೆ ಹೊರುವವನು. ಸಣ್ಣ ಸಾಹೇಬರ ಮನೆಗೆ ಹೊಸ ಕಬ್ಬಿಣದ ಬೀರು ಬಂದಿತ್ತು, ಮಹಡಿಗೆ ಹೊತ್ತುಕೊಂಡು ಬಾ ಎಂದು ಹೇಳಿಕಳಿಸಿದರು. ಇವನು, ಸೊಂಟ ಹಿಡಿದಿದೆ, ಇವತ್ತು ಆಗಲ್ಲ ಎಂದ. ಮರುದಿನ ಬೆಳಿಗ್ಗೆ ವಿಚಾರಣೆಗೆಂದು ಕರೆದೊಯ್ದರು. ಏನು ವಿಚಾರಿಸಿದರೋ ತಿಳಿಯದು. ಕೊನೆಗೆ ಬಿದ್ದ ಕೇಸು ಮಾತ್ರ, ಕರ್ತವ್ಯದಲ್ಲಿದ್ದ ಅಧಿಕಾರಿಯ ಮೇಲೆ ಹಲ್ಲೆ. ಅಂದರೆ ನನ್ನ ಗಂಡ ತನ್ನ ಮೊಣಕಾಲಿನಿಂದ ಅವರ ಲಾಠಿಗೆ ಹೊಡೆದಿದ್ದ.

ಈಗ ಅವನು ಆಸ್ಪತ್ರೆಯಲ್ಲಿ. ಎದ್ದು ನಿಲ್ಲಲಾರದವನು ಓಡಿಹೋದಾನೆಂದು ಕೈಗೆ ಬೇಡಿ ಹಾಕಿ ಮಂಚಕ್ಕೆ ಸೇರಿಸಿದ್ದರು.

ಯಾರೋ ಹೇಳಿದರೆಂದು ಅಕ್ಕನೂ ನಾನೂ ಒಂದು ಸಂಸ್ಥೆಗೆ ಹೋದೆವು. ಸೈಕಲ್ ಅಂಗಡಿಯ ಮೇಲೆ ಎರಡು ಕೋಣೆ. ‘ಪೊಲೀಸರ ಮೇಲೆ ನಾಗರಿಕರ ಕಣ್ಣು’ ಎಂದು ಬೋರ್ಡು, ಕೆಳಗೆ ಒಂದು ಕಣ್ಣು. ಬರೆದವನು ರೆಪ್ಪೆ ಬರೆಯಲು ಮರೆತಿದ್ದ. ಒಳಗಿದ್ದ ಮೇಡಂ “ಬನ್ನಿ, ನೀವು ಒಳಗೆ ಬನ್ನಿ” ಎಂದರು. ಯಾರು ಬಂದರೆಂದು ಅಕ್ಕ ಹಿಂದಕ್ಕೆ ತಿರುಗಿ ನೋಡಿದಳು.

ಮೇಡಂ ಬಿಡಿಸಿ ಹೇಳಿದರು. ಸಂಸ್ಥೆಯವರು ವರ್ಷಗಟ್ಟಲೆ ಹೋರಾಡಿ ಒಂದು ವಿಚಾರಣಾ ಸಮಿತಿ ಮಾಡಿಸಿದ್ದಾರೆ. ದೂರು ನಿಜವೆಂದು ಸಮಿತಿಗೆ ಕಂಡರೆ ಹೊರಗಿನವರು ಬಂದು ತನಿಖೆ ಮಾಡುತ್ತಾರೆ, ಅದು ಮುಗಿಯುವವರೆಗೆ ಗಂಡನ ಬೇಡಿ ಬಿಚ್ಚುತ್ತಾರೆ. ಕಾಣದಿದ್ದರೆ ಮಂಚದಿಂದ ನೇರ ಜೈಲಿಗೆ. ಕಣ್ಣಾರೆ ಕಂಡವಳು ಅಕ್ಕ ಒಬ್ಬಳೇ.

“ನೋಡಿದ್ದನ್ನ ಹೇಳಿ, ಸಾಕು.”

“ಸಾಹೇಬ್ರು ಹೊಡುದ್ರು.”

ಮೇಡಂ ಬರೆದುಕೊಂಡರು: ಪೊಲೀಸರು ಹೊಡೆದರು.

ಯಾರಿಗೂ ಅದರಲ್ಲಿ ಏನೂ ತಪ್ಪು ಕಾಣಲಿಲ್ಲ. ಠಾಣೆ ಸೇರಿದ ದಿನದಿಂದ ಅಕ್ಕನ ಬಾಯಿಗೆ ಅಲ್ಲಿ ಏಕವಚನ ಬಂದದ್ದಿಲ್ಲ. ಅಲ್ಲಿನ ವಾಸನೆ ಹಿಡಿಯುವ ನಾಯಿಗೂ ಒಂದು ದರ್ಜೆ ಇತ್ತು, ಪೇದೆಗಿಂತ ಒಂದು ಮೆಟ್ಟಿಲು ಮೇಲೆ. ಮನೆಗೆ ಬಂದು ಅಕ್ಕ “ನಾಯಿಯೋರು ಇವತ್ತು ಊಟ ಮಾಡ್ಲಿಲ್ಲ ಕಣೇ, ಪಾಪ” ಎನ್ನುವಳು. ನಾವು ಬಿದ್ದು ಬಿದ್ದು ನಗುತ್ತಿದ್ದೆವು.

ಸಮಿತಿ ಕೂತದ್ದು ಉದ್ದ ಮೇಜಿನ ಕೋಣೆಯಲ್ಲಿ. ಮೇಜಿನ ಆ ಬದಿಯವರಿಗೆ ನೀರಿನ ಬಾಟಲಿ, ಈ ಬದಿಯವರಿಗೆ ಬೆಂಚು. ನಡುವೆ ನಿವೃತ್ತ ಜಡ್ಜು, ಪಕ್ಕದಲ್ಲಿ ಗುಮಾಸ್ತ. ಗೋಡೆಗೆ ಒರಗಿದಂತೆ ಸಣ್ಣ ಸಾಹೇಬರು ಕೂತಿದ್ದರು. ಅವರ ಕಡೆಯ ವಕೀಲರು ಮೇಡಂ ಬರೆದ ಹಾಳೆಯನ್ನು ಎತ್ತಿ ಹಿಡಿದರು.

“ಪೊಲೀಸರು ಹೊಡೆದರು ಅಂತಿದೆ. ಎಷ್ಟು ಜನ?”

“ಒಬ್ರೇ ಸ್ವಾಮಿ.”

“ಒಬ್ಬ ಹೊಡೆದನೋ, ಹಲವರು ಹೊಡೆದರೋ?”

“ಒಬ್ರೇ ಹೊಡುದ್ರು.”

“ಮತ್ತೆ ಹೊಡೆದರು ಅಂತೀಯ. ಆ ಹೊತ್ತು ಠಾಣೆಯಲ್ಲಿ ಇದ್ದದ್ದೇ ಒಬ್ಬ ಅಧಿಕಾರಿ. ಉಳಿದವರು ಎಲ್ಲಿಂದ ಬಂದ್ರು?”

“ಉಳಿದೋರು ಯಾರೂ ಇಲ್ಲ. ಅವರೇ.”

“ಅವರು ಅಂದ್ರೆ ಮತ್ತೆ ಗುಂಪಾಯ್ತಲ್ಲಮ್ಮ.”

ಮೇಜಿನ ಆಚೆ ನಗು ಹರಿಯಿತು. ಸಣ್ಣ ಸಾಹೇಬರೂ ಮೀಸೆಯ ಕೆಳಗೆ ನಕ್ಕರು. ಮೇಡಂ ಎದ್ದು, “ಅದು ಮರ್ಯಾದೆಗೆ ಹೇಳೋ ಮಾತು ಸರ್, ಇದು ಎಲ್ಲರಿಗೂ ಗೊತ್ತಿರೋದು” ಎಂದರು.

“ವ್ಯಾಕರಣ ನಾನೂ ಓದಿದೀನಿ ಮೇಡಂ. ಮೈದುನನ ಕಾಲು ಮುರಿದೋನಿಗೆ ಯಾರಾದ್ರೂ ಮರ್ಯಾದೆ ಕೊಡ್ತಾರಾ? ಕೊಟ್ಟಿದಾಳೆ ಅಂದ್ರೆ ಅವರು ಹೊಡೆದಿಲ್ಲ. ಮರ್ಯಾದೆ ಅಲ್ಲ ಅಂದ್ರೆ ಹೊಡೆದೋರು ಹಲವರು, ಆಗ ಹೇಳಿಕೆ ಸುಳ್ಳು. ಯಾವುದು ಬೇಕೋ ಆರಿಸ್ಕೊಳ್ಳಿ.”

ಜಡ್ಜು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಸರಿಯಾಗಿ ಹೇಳಮ್ಮ. ಠಾಣೇಲಿ ಇರೋರೆಲ್ಲ ನಿನಗೆ ಸಾಹೇಬ್ರೇ. ಯಾರು, ಏನು ಅಂತ ಸ್ಪಷ್ಟ ಇಲ್ಲ ಅಂದ್ರೆ ನಾವು ಇಲ್ಲಿಗೇ ಮುಗಿಸ್ತೀವಿ.”

“ನೋಡ್ಕೊಂಡು ಹೇಳೇ,” ಎಂದರು ಸಣ್ಣ ಸಾಹೇಬರು ಮೆಲ್ಲಗೆ, ತಂಗಿಗೆ ಬುದ್ಧಿ ಹೇಳುವವರಂತೆ. “ನಾಳೆ ಕೆಲ್ಸಕ್ಕೆ ಬರ್ಬೇಕಲ್ಲ.”

ಅಕ್ಕ ಬಾಯಿ ತೆರೆದಳು. ‘ಸಾ’ ಎಂದು ಬಂತು, ನಿಂತಿತು. ಆಮೇಲೆ ಕೈ ಎತ್ತಿ ಬೆರಳು ಮಾಡಿದಳು.

“ಇವ್ನು.”

ಗುಮಾಸ್ತ ಹಾಳೆಯಿಂದ ತಲೆ ಎತ್ತಿದ.

“ಇವ್ನು ಹೊಡ್ದ. ನನ್ನ ಮೈದುನ ಬಿದ್ದ ಮೇಲೂ ಹೊಡ್ದ. ದಣಿವಾಯ್ತು ಅಂತ ಕೂತ. ನೀರು ಕೇಳ್ದ. ಕೊಟ್ಟೆ, ಕುಡ್ದ. ಎದ್ದ, ಮತ್ತೆ ಹೊಡ್ದ.”

ಸಣ್ಣ ಸಾಹೇಬ ಎದ್ದ ರಭಸಕ್ಕೆ ಕುರ್ಚಿ ಗೋಡೆಗೆ ಬಡಿಯಿತು. “ಯಾರಿಗೇ ಇವ್ನು ಅಂತಿದೀಯ, ಲೌಡಿ? ನಾಲಿಗೆ ಸೀಳ್ತೀನಿ.”

ಹೊಡೆದಿಲ್ಲ ಎಂದು ಅವನು ಹೇಳಲಿಲ್ಲ. ಅದು ನೆನಪಾಗದಷ್ಟು ಅವಮಾನವಾಗಿತ್ತು ಅವನಿಗೆ. ವಕೀಲ ಅವನ ತೋಳು ಹಿಡಿದು ಕೂರಿಸಿದ.

“ಅಮ್ಮಾ,” ಎಂದರು ಜಡ್ಜು, “ಅಧಿಕಾರಿಗಳಿಗೆ ಮರ್ಯಾದೆ ಕೊಟ್ಟು ಮಾತಾಡು.”

“ದೇವ್ರಿಗೇ ನೀನು ಅಂತೀನಿ ಸ್ವಾಮಿ. ದಿನಾ ಎದ್ದು ಕೈ ಮುಗ್ದು, ನೀನೇ ಕಾಪಾಡೋ ಅಂತೀನಿ. ಅವನೇ ಸುಮ್ನೆ ಕೇಳಿಸ್ಕೋತಾನೆ. ಇವ್ನು ಅವನಿಗಿಂತ ದೊಡ್ಡೋನಾ?”

ಜಡ್ಜು ಕನ್ನಡಕ ಹಾಕಿಕೊಂಡರು. ಬರೆದುಕೋ ಎಂದು ಗುಮಾಸ್ತನಿಗೆ ಸನ್ನೆ ಮಾಡಿದರು. ಅವನು ಬರೆದ, ಶಾಯಿಯ ಡಬ್ಬಿಯನ್ನು ಅಕ್ಕನ ಮುಂದೆ ತಳ್ಳಿ, ಬರೆದದ್ದನ್ನು ಶವಯಾತ್ರೆಯ ಗತಿಯಲ್ಲಿ ಓದಿದ. “ಸದರಿ ಅಧಿಕಾರಿಯವರು ನನ್ನ ಮೈದುನನಿಗೆ ಹೊಡೆದರು ಎಂದು...”

ಹೆಬ್ಬೆಟ್ಟು ಅದ್ದಿದ್ದ ಅಕ್ಕ ಕೈ ಎತ್ತಿಕೊಂಡಳು. “ಏನಂತ ಬರ್ದೆ?”

“ಹೊಡೆದರು ಅಂತ. ಬರವಣಿಗೇಲಿ ಹಾಗೇ ಬರೋದು.”

“ಹೊಡೆದ ಅಂತ ಬರಿ.”

“ಆ ಪದ್ಧತಿ ಇಲ್ಲಮ್ಮ.”

“ಇದ್ದೋನು ಒಬ್ಬ. ಹೊಡೆದ ಅಂತ ಬರಿ.”

ಮೇಡಂ ಬಗ್ಗಿ ಅಕ್ಕನ ಕಿವಿಯಲ್ಲಿ ಹೇಳಿದರು, “ಒತ್ತಿಬಿಡಿ. ಅಧಿಕಾರಿ ಅಂತ ಬಂದಿದೆಯಲ್ಲ. ಅರ್ಥ ಒಂದೇ.”

“ಒಂದೇ ಆಗಿದ್ರೆ ಇಷ್ಟೊತ್ತು ನಗ್ತಿದ್ದೋರು ಯಾಕೆ ನಗ್ತಿದ್ರು?”

ವಕೀಲ ಗಡಿಯಾರ ನೋಡಿಕೊಂಡು, ಸಹಿ ಇಲ್ಲದ ಹೇಳಿಕೆ ಹೇಳಿಕೆಯೇ ಅಲ್ಲವೆಂದೂ ದೂರನ್ನು ವಜಾ ಮಾಡಬಹುದೆಂದೂ ಹೇಳಿದ. ಆಗ ಅಕ್ಕ ನನ್ನತ್ತ ತಿರುಗಿದಳು. ಒತ್ತಲೋ ಬೇಡವೋ ಎಂದು ಕೇಳುತ್ತಿದ್ದಾಳೆಂದು ನನಗೆ ತಿಳಿಯಿತು. ಮಂಚದ ಮೇಲಿರುವವನು ನನ್ನ ಗಂಡ. ಅವಳ ಮೈದುನನೂ ಹೌದು, ಆದರೆ ಮೊದಲು ನನ್ನ ಗಂಡ.

“ಒತ್ಬೇಡ ಅಕ್ಕ,” ಎಂದೆ.

ಗುಮಾಸ್ತ ಜಡ್ಜನ್ನು ನೋಡಿದ. ಜಡ್ಜು ಸಣ್ಣ ಸಾಹೇಬನನ್ನು ನೋಡಿದರು. ಪೆನ್ನು ಹಾಳೆಯ ಮೇಲೆ ನಿಂತಿತ್ತು, ಅಕ್ಕನ ನೀಲಿ ಹೆಬ್ಬೆಟ್ಟು ಗಾಳಿಯಲ್ಲಿ ನಿಂತಿತ್ತು. ಕಿಟಕಿಯ ಕೆಳಗೆ, ವಜಾ ಎಂದೊಡನೆ ಆಸ್ಪತ್ರೆಗೆ ಹೊರಡಲು, ಜೈಲಿನ ವ್ಯಾನು ಎಂಜಿನ್ ಆರಿಸದೆ ಕಾಯುತ್ತಿತ್ತು.