ಕೊನೆಯ ಫಾರ್ಮು

"ಏಳನೇ ಇಯತ್ತೆ ದಾಟದವರ ಕೈಯಾಗ ಪುಸ್ತಕ ಕೊಟ್ರ ಹಿಂಗ ಆಗತೈತಿ ನೋಡ್ರಿ. ಕತಿಗೆ ತಲಿ ಐತಿ, ಕಾಲಿಲ್ಲ!"

ಗ್ರಂಥಪಾಲ ಬಾಳಕೃಷ್ಣ ಸರ್ ದಪ್ಪ ಕಾದಂಬರಿಯೊಂದನ್ನು ಹಿಂಬದಿಯಿಂದ ತೆರೆದು, ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು. ಧಾರವಾಡದ ಆ ವಾಚನಾಲಯದಲ್ಲಿ ಪೇಪರು ಓದುತ್ತಿದ್ದ ಏಳೆಂಟು ಹಿರಿಯರು ಕನ್ನಡಕದ ಮೇಲಿಂದ ಬೈಂಡಿಂಗಿನ ಹುಡುಗ ದಾನಿಶನನ್ನು ನೋಡಿ ನಕ್ಕರು.

"ಬೈಂಡಿಂಗಿಗೆ ಕೊಟ್ಟಾಗ ಪೂರ್ತಿ ಇತ್ತು. ಕೊನೀ ಹದಿನಾರು ಪುಟ ಎಲ್ಲಿ ಹೋದ್ವಪಾ? ಭಜಿ ಕಟ್ಟಾಕ ಕೊಟ್ಟಿಯೇನು?"

ಸಾಲಿ ಬಿಟ್ಟವನು ಅನ್ನಿಸಿಕೊಳ್ಳುವುದು ದಾನಿಶನಿಗೆ ರೂಢಿಯಾಗಿತ್ತು. ಆದರೆ ಬೈಂಡಿಂಗಿನವನ ಕೈಯಲ್ಲಿ ಫಾರ್ಮು ತಪ್ಪುವುದು ಬೇರೆ ಮಾತು. ಹದಿನಾರು ಪುಟದ ಒಂದೊಂದು ಮಡಿಕೆಯೂ ಒಂದು ಫಾರ್ಮು. ಹೊಲಿಯುವ ಮೊದಲು ಎಣಿಸಬೇಕು. ಅವನ ಅಪ್ಪ ಕಮರುದ್ದೀನನ ಕೈಯಲ್ಲಿ ನಲವತ್ತು ವರ್ಷದಲ್ಲಿ ಒಂದೂ ತಪ್ಪಿರಲಿಲ್ಲ. ದಾನಿಶ ಮಾತ್ರ ಈ ಸಲ ಎಣಿಸಿರಲಿಲ್ಲ. ಅಕ್ಕ ನಾಹಿದಾ ಕೊಟ್ಟದ್ದನ್ನು ಕೊಟ್ಟ ಹಾಗೆ ಹೊಲಿದಿದ್ದ. ಪುಸ್ತಕ ಕಸಿದುಕೊಂಡು ಬಸ್ಸು ಹತ್ತಿದ. ತನ್ನೂರು ಬೈರಿದೇವರಕೊಪ್ಪ ಬರುವತನಕ ಹಲ್ಲು ಕಚ್ಚಿಯೇ ಕೂತಿದ್ದ.

ನಾಹಿದಾ ಗಬ್ಬೂರಿನ ಗಂಡನ ಮನೆ ಬಿಟ್ಟು ಬಂದು ಎಂಟು ತಿಂಗಳಾಗಿತ್ತು. ಅವಳ ಎಡಗೈಯ ಎರಡು ಬೆರಳು ಈಗ ಮಡಚುತ್ತಿರಲಿಲ್ಲ. ಗಂಡ ಬಾಗಿಲ ಸಂದಿಗೆ ಸಿಕ್ಕಿಸಿ ಬಾಗಿಲು ಒತ್ತಿದ್ದ. ತವರಿಗೆ ಬಂದ ಮೇಲೆ ಬೈಂಡಿಂಗಿನ ಮನೆಯಲ್ಲಿ ಹೊಸ ಪದ್ಧತಿ ಶುರುವಾಯಿತು. ಹಳೆಯ ಪುಸ್ತಕ ಬಿಚ್ಚಿದ ಮೇಲೆ ನಾಹಿದಾ ಒಂದೊಂದು ಫಾರ್ಮನ್ನೂ ಗಟ್ಟಿಯಾಗಿ ಓದಿ ದಾನಿಶನ ಕೈಗೆ ಕೊಡುವಳು, ಅವನು ಹೊಲಿಯುವನು. ಉರ್ದು ಮಾತ್ರ ಓದಬಲ್ಲ ಕಮರುದ್ದೀನ, ತಾನು ಜೀವಮಾನವಿಡೀ ಕಟ್ಟಿದ ಕನ್ನಡ ಪುಸ್ತಕಗಳೊಳಗೆ ಏನಿದೆ ಎಂಬುದನ್ನು ಮೊದಲ ಸಲ ಕೇಳುತ್ತಿದ್ದ.

ಒಳಗಿದ್ದದ್ದಾದರೂ ಏನು? ಹತ್ತು ಕಾದಂಬರಿ ಬಂದರೆ ಹತ್ತರಲ್ಲೂ ಅದೇ ಹೆಂಗಸು. ಒದೆ ತಿಂದು ಸುಮ್ಮನಿದ್ದರೆ ದೇವಿ. ಹೊಸ್ತಿಲು ದಾಟಿದಳೋ, ಬಾವಿ, ಕೆರೆ, ಇಲ್ಲವೇ ಕ್ಷಯದ ಕೆಮ್ಮು.

"ಇವರಿಗೆ ಬಾವಿ ಬಿಟ್ರ ಬ್ಯಾರೆ ಹಾದಿ ಗೊತ್ತಿಲ್ಲೇನ ಆಪಾ?" ಎಂದು ದಾನಿಶ ಸಿಡುಕಿದರೆ ನಾಹಿದಾ ನಗುವಳು. ಅಪ್ಪ ನಗುತ್ತಿರಲಿಲ್ಲ. ಅಚ್ಚಾದದ್ದೆಲ್ಲ ಅವನಿಗೆ ಖರೆ. ಪುಸ್ತಕ ಮುಗಿದಾಗಲೆಲ್ಲ ಮಗಳನ್ನು ಮೆಲ್ಲಗೆ ಕೇಳುವನು: "ಗಬ್ಬೂರಿಗೆ ಹೇಳಿ ಕಳಸಲೇನವಾ?"

ಈ ಪುಸ್ತಕದ ಹೆಂಗಸು ಬೇರೆಯಾಗಿದ್ದಳು. ಕುಡುಕ ಗಂಡನನ್ನು ಬಿಟ್ಟು, ಹೆಣ್ಣುಮಕ್ಕಳ ಸಾಲಿಯಲ್ಲಿ ಹೊಲಿಗೆ ಕಲಿಸಿ, ಬಾಡಿಗೆ ಖೋಲಿಯಲ್ಲಿ ತನ್ನದೇ ಒಲೆ ಹೂಡಿದಳು. ಅಲ್ಲಿಗೆ ನಾಹಿದಾ "ಮುಗೀತು" ಎಂದು ಎದ್ದಿದ್ದಳು. ಕಮರುದ್ದೀನ, "ಬದುಕಿದಳಲ್ಲ. ಛಲೋ ಆತು," ಎಂದಿದ್ದ. ಆಮೇಲೆ ಇಪ್ಪತ್ತು ದಿನ ಗಬ್ಬೂರಿನ ಸುದ್ದಿಯೇ ಇಲ್ಲ. ಹೊಲಿಗೆ ಕ್ಲಾಸು ಎಲ್ಲಿದೆ ವಿಚಾರಿಸಿ ಬಾ ಎಂದು ಮಗನಿಗೆ ಹೇಳಿದ್ದ ಕೂಡ.

ಬಸ್ಸಿಳಿದು ಬಂದ ದಾನಿಶ ಬಾಗಿಲಲ್ಲೇ ಒದರಿದ. "ಆಪಾ! ಕೊನೀ ಫಾರ್ಮು ಎಲ್ಲಿ?"

ಅಂಟು ಕಲಸುತ್ತಿದ್ದ ನಾಹಿದಾ ಒಳಮನೆಯತ್ತ ನೋಡಿದಳು. "ಮೆಲ್ಲಕ ಮಾತಾಡೊ. ಅದರಾಗ ಆಕೀನ್ನ ಸಾಯಿಸ್ಯಾರ. ಅಬ್ಬಾ ನಮಾಜಿಗೆ ಹೋದ ಮ್ಯಾಲ ಕೊಡ್ತೇನಿ, ಹೊಲದು ಕೊಟ್ಟುಬಿಡು. ಯಾರಿಗೂ ತಿಳಿಯೂದಿಲ್ಲ."

ಅಷ್ಟು ಮಾಡಿದ್ದರೆ ಆಗುತ್ತಿತ್ತು. ಆದರೆ ಆ ಏಳೆಂಟು ಮಂದಿಯ ನಗೆ ಇನ್ನೂ ಅವನ ಕಿವಿಯಲ್ಲಿತ್ತು.

"ಏನ್ ಮೆಲ್ಲಕ! ಅಷ್ಟು ಮಂದಿ ಮುಂದ ನನ್ನ ಮಾನ ಹೋತು! ಫಾರ್ಮು ನುಂಗಿದವರು ಅನಿಸ್ಕೊಂಡ ಬಂದೇನಿ!"

ಕಮರುದ್ದೀನ ಹೊರಬಂದ. "ಏನು ನುಂಗಿದ್ರಿ?"

ನಾಹಿದಾ ಕಾಗದದ ರಾಶಿಯಡಿಯಿಂದ ಫಾರ್ಮು ತೆಗೆದುಕೊಟ್ಟಳು. ಓದು ಎಂದ ಅಪ್ಪ. ಅವಳು ಮತ್ತೆ ಅಂಟು ಕಲಸತೊಡಗಿದಳು. ಅಪ್ಪ ಮಗನತ್ತ ತಿರುಗಿದ. "ಹಂಗಾರ ನೀ ಓದೊ."

ದಾನಿಶ ಅಕ್ಷರ ಅಕ್ಷರ ಕೂಡಿಸಿ ಓದಿದ. ಸಾಲಿಯವರು ಹೆಂಗಸನ್ನು ನಡತೆ ಸರಿಯಿಲ್ಲವೆಂದು ಹೊರಹಾಕಿದರು. ಜ್ವರ ಹತ್ತಿತು. ತೆವಳುತ್ತ ಗಂಡನ ಮನೆಗೆ ಹೋಗಿ, ಹೊಸ್ತಿಲಲ್ಲಿ ಅವನ ಪಾದ ಹಿಡಿದು, ಕ್ಷಮೆ ಕೇಳಿ ಸತ್ತಳು. ಪ್ರಾಯಶ್ಚಿತ್ತವಾಯಿತು ಎಂದಿತ್ತು ಕಡೆಯ ಸಾಲು.

"ಹಂಗಂದ್ರ ಏನೊ?" ಎಂದ ಅಪ್ಪ.

ದಾನಿಶನಿಗೆ ಗೊತ್ತಿರಲಿಲ್ಲ. ನಾಹಿದಾ ಹೇಳಿದಳು: "ತಪ್ಪು ಗಂಡಂದು, ಸಾಯಾಕಿ ಹೆಂಡ್ತಿ. ಅದಕ್ಕ ಹಂಗಂತಾರ, ಅಬ್ಬಾ."

"ಕಲಿತವರು ಸುಳ್ಳು ಬರೀತಾರೇನವಾ?"

"ಆಕಿ ಜ್ವರಕ್ಕ ಸತ್ತಿಲ್ಲ. ಬರದಾಂವಗ ಆಕಿ ಸಾಯಬೇಕಾಗಿತ್ತು."

ಕಮರುದ್ದೀನನ ಕಣ್ಣು ತುಂಬಿತ್ತು. "ಆಕಿ ತಡಾ ಮಾಡಿ ಹೋದಳವಾ, ಅದಕ್ಕ ಸತ್ತಳು. ನೀ ಜೀವ ಗಟ್ಟಿ ಇದ್ದಾಗನ ಹೋಗು. ನಾಳೆ ಅಳಿಯಗ ಫೋನು ಹಚ್ತೇನಿ."

"ಅಬ್ಬಾ, ಅದು ಬರೇ ಕತಿ! ಸುಳ್ಳು ಕತಿ!" ಎಂದ ದಾನಿಶ.

"ಸುಳ್ಳಾಗಿದ್ರ ಅದನ್ನ ತರಾಕ ಅಷ್ಟ್ಯಾಕ ಒದರಿದಿ?"

ಶುಕ್ರವಾರ ನಾಹಿದಾಳ ಗಂಡ ಬೈಕು ತಂದ. ದಾನಿಶ ಒಳಗೆ ಕೂತು ಕೊನೆಯ ಫಾರ್ಮು ಹೊಲಿಯುತ್ತಿದ್ದ. ನಾಹಿದಾ ಬಲಗೈಯಲ್ಲಿ ಚೀಲ ಹಿಡಿದು ಅವನ ಮುಂದಿನಿಂದಲೇ ದಾಟಿದಳು. ಸೂಜಿ ಅವನ ಹೆಬ್ಬೆರಳಿಗೆ ನೆಟ್ಟಿತು. ಬೈಕಿನ ಸದ್ದು ತಿರುವು ದಾಟುವತನಕ ಅವನು ಅದನ್ನು ಕೀಳಲಿಲ್ಲ.

ಸೋಮವಾರ ವಾಚನಾಲಯದಲ್ಲಿ ಬಾಳಕೃಷ್ಣ ಸರ್ ಹೊಲಿಗೆಯ ಮೇಲೆ ಬೆರಳಾಡಿಸಿದರು. "ಶಾಬಾಸ್! ಈಗ ಪುಸ್ತಕ ಆತು ನೋಡು." ಕಡೆಯ ಪುಟವನ್ನು ಎಲ್ಲರಿಗೂ ಕೇಳುವಂತೆ ಓದಿದರು. ಪೇಪರು ಮಡಚಿಟ್ಟು ಕೇಳಿದ ಹಿರಿಯರೊಬ್ಬರು ಕಣ್ಣೊರೆಸಿಕೊಂಡರು. "ಎಂಥಾ ಸಾಧ್ವಿ! ಇಂಥಾ ಹೆಣ್ಮಕ್ಕಳು ಈಗ ಎಲ್ಲಿ ಅದಾರ್ರಿ?"

ಸರ್ ಮುಂದಿನ ಬೈಂಡಿಂಗಿಗೆಂದು ನಾಲ್ಕು ಹಳೆಯ ಕಾದಂಬರಿ ಮೇಜಿನ ಮೇಲಿಟ್ಟು ದಾನಿಶನ ಹೆಗಲು ತಟ್ಟಿದರು.

"ಅವತ್ತ ಜೋರು ಮಾತಾಡಿದೆ, ಮನಸಿಗೆ ಹಚ್ಕೋಬ್ಯಾಡ. ಸುಮ್ನ ಹೊಲದು ಕೊಡ್ತೀರೋ, ನಿಮ್ಮ ಮನ್ಯಾಗ ಯಾರರ ಓದತಾರೋ ಇಂಥಾವನ್ನ?"

ದಾನಿಶ ಹೆಗಲ ಮೇಲಿನ ಕೈಯನ್ನು ತೆಗೆದು ಕೆಳಗಿಟ್ಟ. ಪುಸ್ತಕಗಳನ್ನು ಮುಟ್ಟಲಿಲ್ಲ. ಹಿಂದಿನಿಂದ ಸರ್ ಮತ್ತೊಮ್ಮೆ ಅದನ್ನೇ ಕೇಳುತ್ತಿದ್ದರು. ಅವನು ಆಗಲೇ ಮೆಟ್ಟಿಲಿಳಿಯುತ್ತಿದ್ದ.