ವಜುವಿನ ನೀರು

ನರ್ಸಿಂಗ್ ಹೋಮಿನ ಹಿಂದೆ ಕೊಳಚೆ ನೀರು ಶುದ್ಧ ಮಾಡುವ ಘಟಕ ಶುರುವಾದ ವರ್ಷ, ಅಲ್ಲಿ ಆಪರೇಟರ್ ಆಗಿ ಸೇರಿದ ಜಮಾಲಸಾಬ ತನ್ನ ಅಕ್ಕ ಗುಲ್ನಾರಳಿಗೆ ಮಾತು ಕೊಟ್ಟಿದ್ದ. "ಆಪಾ, ನಾ ವಜು ಮಾಡಾಕ, ನಮಾಜಿಗೆ ಮಾರಿ ಕೈಕಾಲು ತೊಳಿಯಾಕ ಒಪ್ಪದ ನೀರು ನಿನ್ನ ತೋಟಕ್ಕ ಬಿಡಂಗಿಲ್ಲ."

ಗುಲ್ನಾರ ನಕ್ಕಿದ್ದಳು. "ಶುಕ್ರವಾರ ಬಿಟ್ರ ನಮಾಜಿನ ನೆನಪಿಲ್ಲ ನಿನಗ. ಆದ್ರೂ ಆತು, ನಂಬೇನಿ."

ಘಟಕದ ನೀರು ಹರಿಯುವ ಕಾಲುವೆಯ ದಂಡೆಯಲ್ಲೇ ಅವಳ ವೀಳ್ಯದೆಲೆ ಬಳ್ಳಿಯ ತೋಟ. ಹೆಬ್ಬೆರಳಿಗೆ ಕಬ್ಬಿಣದ ಉಗುರು ಹಾಕಿಕೊಂಡು ಎಲೆ ಚಿವುಟುವುದು, ಆ ನೀರಿನಲ್ಲೇ ತೊಳೆದು ಕಟ್ಟು ಕಟ್ಟುವುದು, ಸವಣೂರಿನ ಸಂತೆಗೆ ಕಳಿಸುವುದು. ಅವಳ ಬದುಕೇ ಅದು.

ಬೇಸಿಗೆಯಲ್ಲಿ ಮ್ಯಾನೇಜರ್ ಚನ್ನವೀರಪ್ಪ ಓಝೋನ್ ಮಷೀನು ಬಂದ್ ಮಾಡಿಸಿದರು.

"ಬ್ಯಾಡ್ರಿ ಸರ," ಎಂದ ಜಮಾಲಸಾಬ. "ರೋಗಿಗಳಿಗೆ ಕೊಟ್ಟ ಆಂಟಿಬಯೋಟಿಕ್ ನೀರಿನ್ಯಾಗ ಕರಗಿರ್ತೈತಿ. ಅದನ್ನ ಒಡಿಯೋದು ಈ ಮಷೀನ್ ಒಂದ. ಒಡೀದಿದ್ರ ಕಾಲುವ್ಯಾಗಿನ ರೋಗಾಣು ಔಷಧಿಗೆ ಪಳಗಿ ಗಟ್ಟಿ ಆಗ್ತಾವು."

"ನೀರು ಕನ್ನಡಿ ಹಂಗ ಐತೆಲ್ಲೋ. ಈ ಕರೆಂಟ್ ಬಿಲ್ ತುಂಬಾಕ ಹೋದ್ರ ಹೆರಿಗಿ ವಾರ್ಡ್ ಮುಚ್ಚಬೇಕಾಗ್ತೈತಿ. ಬಸುರಿ ಹೆಂಗಸರು ಹುಬ್ಬಳ್ಳಿಗೆ ಹೋಗಬೇಕೇನು?"

ಜಮಾಲಸಾಬನಿಗೆ ನೌಕರಿಯ ಚಿಂತೆಯೂ ಇತ್ತು. ಅಕ್ಕನಿಗೂ ಹೇಳದೆ ಆ ನೀರನ್ನೇ ಕಾಲುವೆಗೆ ಬಿಡುತ್ತ ಹೋದ.

ಮಳೆಗಾಲ ಕಳೆಯುವಷ್ಟರಲ್ಲಿ ಕಬ್ಬಿಣದ ಉಗುರು ತಾಗಿ ಗುಲ್ನಾರಳ ಬೆರಳು ಸೀಳಿತು. ಅವಳು ಅರಿಷಿಣ ಒತ್ತಿಕೊಂಡು ಎಲೆ ತೊಳೆಯುತ್ತಲೇ ಇದ್ದಳು. ಕೈ ಬಾತು ನಂಜು ಮೈಗೇರಿತು.

"ಯಾವ ಔಷಧಿನೂ ನಾಟವಲ್ಲದು," ಎಂದರು ಡಾಕ್ಟರ್ ರಾಜಶ್ರೀ. "ಎಲ್ಲಿಂದ ಹತ್ತಿತು ಅಂತ ಹೇಳಾಕ ಆಗಂಗಿಲ್ರಿ."

ಹಾಸಿಗೆಯಿಂದ ಗುಲ್ನಾರ ಮೆಲ್ಲಗೆ ಕೇಳಿದಳು: "ನೀರಂತೂ ಚಲೋ ಐತಲ್ಲ, ಜಮಾಲ? ಎಲಿ ತೊಳಿಯಾಕ ತಸ್ಲೀಮಾಗ ಹೇಳೇನಿ."

ತಸ್ಲೀಮಾ ಅವಳ ಒಬ್ಬಳೇ ಮಗಳು. ಜಮಾಲಸಾಬ ಕಿಟಕಿಯತ್ತ ನೋಡುತ್ತ, "ಹೂಂ," ಎಂದ. ಗುಲ್ನಾರ ಕಣ್ಣು ಮುಚ್ಚಿದಳು. ಮರುದಿನ ಅವು ತೆರೆಯಲಿಲ್ಲ.

ಮಣ್ಣು ಕೊಟ್ಟು ಕೆಲವು ದಿನಗಳ ಮೇಲೆ ಅವನು ಕೆಲಸಕ್ಕೆ ಬಂದಾಗ ತಸ್ಲೀಮಾ ಬುಟ್ಟಿ ಹಿಡಿದು ಕಾಲುವೆಗೆ ಇಳಿಯುತ್ತಿದ್ದಳು.

"ಮ್ಯಾಲ ಬಾ ಬೇಟಾ. ಆ ನೀರು ಮುಟ್ಟಬ್ಯಾಡ."

"ಯಾಕ ಮಾಮು? ಅಮ್ಮಿ ಇಲ್ಲೇ ತೊಳೀತಿದ್ಲು."

ಅವನು ಒಳಗೆ ಹೋಗಿ ಕಾಲುವೆಗೆ ನೀರು ಬಿಡುವ ವಾಲ್ವ್ ತಿರುವಿ ಹರಿವು ನಿಲ್ಲಿಸಿದ. ಓಝೋನ್ ಮಷೀನಿನ ಸ್ವಿಚ್ ಒತ್ತಿದ. ಅದು ಗುಂಯ್ ಎಂದು ಎಚ್ಚೆತ್ತಿತು. ಸ್ವಲ್ಪ ಹೊತ್ತಿಗೆ ಫೋನ್ ಬಂತು.

"ಯಾರ್ನ ಕೇಳಿ ಹಚ್ಚಿದಿ?" ಚನ್ನವೀರಪ್ಪನವರ ದನಿ.

"ಅಕ್ಕಗ ಮಾತು ಕೊಟ್ಟಿದ್ದೆರಿ. ನೌಕರಿಯಿಂದ ತೆಗೀತೀರಿ ಅಂದ್ರ ತೆಗೀರಿ. ವಾಲ್ವ್ ಮಾತ್ರ ತೆಗಿಯಂಗಿಲ್ಲ."

ಗುಲ್ನಾರ ಬದುಕಿದ್ದಾಗ ಅವನು ಆ ಮಾತು ಉಳಿಸಿಕೊಂಡಿರಲಿಲ್ಲ.