ಕುಣಿದ ರಾತ್ರಿಯ ನೀರು

ಕಿರಂಗೂರಿನ ತಿಮ್ಮೇಶನಿಗೆ ಆ ದಿನ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಡೈರಿಗೆಂದು ಹೊರಟವನು ಹಾಲಿನ ಕ್ಯಾನು ಮನೆಯಲ್ಲೇ ಬಿಟ್ಟು ಎರಡು ಸಲ ವಾಪಸು ಬಂದ. ಏನು, ಮೈಮೇಲೆ ಇರುವೆ ಬಿಟ್ಟುಕೊಂಡಿದ್ದೀರಾ ಎಂದು ಹೆಂಡತಿ ಪವಿತ್ರ ಕೇಳಿಯೇ ಬಿಟ್ಟಳು. ಇವನು ಹೇಳುವುದಾದರೂ ಏನನ್ನು? ಸಂಜೆ ಅರಳಿಕಟ್ಟೆಯಲ್ಲಿ ಹೊಸ ನೀರುಗಂಟಿಯನ್ನು, ಅಂದರೆ ನಾಲೆಯ ನೀರನ್ನು ಸರದಿಯ ಮೇಲೆ ಗದ್ದೆಗದ್ದೆಗೆ ಬಿಡುವವನನ್ನು, ಆರಿಸುವವರಿದ್ದರು. ಹಿಂದೆ ನೀರುಗಂಟಿಯಾಗಿದ್ದ ಕುಳ್ಳಯ್ಯನ ಹೆಸರು ಮಾತ್ರ ಯಾರೂ ಎತ್ತಕೂಡದು ಎಂದು ಊರ ಯಜಮಾನ ಚೌಡಯ್ಯನವರು ಬೆಳಿಗ್ಗೆಯೇ ಹೇಳಿಬಿಟ್ಟಿದ್ದರು. ಕುಡಿದು ನೀರು ಬಿಟ್ಟವನು ಎಂಬ ಹೆಸರು ಕುಳ್ಳಯ್ಯನಿಗೆ ಏಳು ವರ್ಷದಿಂದ ಅಂಟಿಕೊಂಡಿತ್ತು. ಅಂಟಿಸಿದವನು ತಿಮ್ಮೇಶ, ಅದು ಗೊತ್ತಿದ್ದದ್ದೂ ಅವನೊಬ್ಬನಿಗೇ.

ಅದು ತೊಂಬತ್ತೆರಡನೇ ಇಸವಿ, ಇವನಿಗೆ ಇಪ್ಪತ್ತೊಂದು. ಶ್ರೀರಂಗಪಟ್ಟಣದ ಹೊಳೆದಂಡೆಯ ತೋಟವೊಂದರಲ್ಲಿ ಮೈಸೂರಿನ ಕಾಲೇಜು ಹುಡುಗರು ಶನಿವಾರ ರಾತ್ರಿ ಸೇರುತ್ತಿದ್ದರು. ಆಳೆತ್ತರದ ಸ್ಪೀಕರು, ಕೆಂಪು ನೀಲಿ ಲೈಟು, ಬೆಳಗಾಗುವವರೆಗೆ ಕುಣಿತ. ಅಲ್ಲಿ ಜನರೇಟರು ನೋಡಿಕೊಳ್ಳುತ್ತಿದ್ದ ಪಾಂಡವಪುರದ ಸಂತೋಷ ಇವನನ್ನು ಹಿಂಬಾಗಿಲಿನಿಂದ ಒಳಗೆ ಬಿಟ್ಟ, ಅಷ್ಟೇ, ಹುಚ್ಚು ಹಿಡಿಯಿತು. ಅಬ್ಬಾ, ಆ ಸದ್ದು! ಕಿವಿಗೆ ಕೇಳುವ ಮೊದಲು ಎದೆಗೂಡಿಗೆ ಬಂದು ಗುದ್ದುತ್ತಿತ್ತು. ಯಾರ ಮಗ, ಎಷ್ಟು ಎಕರೆ ಎಂದು ಅಲ್ಲಿ ಯಾರೂ ಕೇಳುತ್ತಿರಲಿಲ್ಲ. ಒಮ್ಮೆ ಒಬ್ಬ ಹುಡುಗಿ, ನಿನ್ನಷ್ಟು ಚೆನ್ನಾಗಿ ಕುಣಿಯುವವರು ನಮ್ಮ ಕಾಲೇಜಿನಲ್ಲೇ ಇಲ್ಲ ಎಂದಿದ್ದಳು. ಆ ಮಾತನ್ನು ಇವನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ.

ಗದ್ದೆಗೆ ನೀರು ಕಟ್ಟಲು ಹೋಗುತ್ತೇನೆ ಎನ್ನುವುದು ಮನೆಯಲ್ಲಿ ಹೇಳುತ್ತಿದ್ದ ನೆಪ. ಒಂದು ಶನಿವಾರ ನಿಜಕ್ಕೂ ಇವರ ಸರದಿಯೇ ಬಂತು. ತೂಬಿನ ಹಲಗೆಯನ್ನು ನೀರುಗಂಟಿಯ ಹೊರತು ಬೇರೆ ಯಾರೂ ಮುಟ್ಟಬಾರದು, ಅದು ಊರಿನ ಕಟ್ಟುಪಾಡು. ಕುಳ್ಳಯ್ಯ ಹಲಗೆಯನ್ನು ನಾಲ್ಕು ಬೆರಳು ಎತ್ತಿ, ಇಳಿಯದಂತೆ ಅಡಿಗೆ ಕಲ್ಲು ಕೊಟ್ಟು ಹೋಗಿದ್ದ. ಹಾಗೆ ಬಿಟ್ಟರೆ ಗದ್ದೆ ತುಂಬಲು ಬೆಳಗಾಗಬೇಕು. ಇವನು ಹಲಗೆಯನ್ನು ಪೂರ್ತಿ ಕಿತ್ತಿಟ್ಟು, ಹನ್ನೆರಡಕ್ಕೆಲ್ಲ ಬಂದು ಮುಚ್ಚಿದರಾಯಿತು ಎಂದು ಮೊಪೆಡ್ ಹತ್ತಿದ. ಬಂದದ್ದು ಕೋಳಿ ಕೂಗಿದ ಮೇಲೆ. ಅಷ್ಟರಲ್ಲಿ ಬದು ಒಡೆದು, ಕೆಳಗಿನ ಗದ್ದೆಯ ಸಿದ್ದಲಿಂಗಮ್ಮ ನಾಟಿಗೆಂದು ಬೆಳೆಸಿದ್ದ ಭತ್ತದ ಸಸಿಯೆಲ್ಲ ಕೊಚ್ಚಿಹೋಗಿತ್ತು. ಹಲಗೆಯನ್ನು ಅದರ ಜಾಗಕ್ಕೆ ಸಿಕ್ಕಿಸಿ ಇವನು ಮನೆಗೆ ಹೋಗಿ ಮಲಗಿದ.

ಕಟ್ಟೆಯಲ್ಲಿ ನ್ಯಾಯ ಸೇರಿತು. ಆ ರಾತ್ರಿ ಕುಳ್ಳಯ್ಯ ಕುಡಿದಿದ್ದು ನಿಜವೇ ಆಗಿತ್ತು. ಬಾಯಿಗೆ ಬಂದಂತೆ ಬೈದು ಕೆಲಸ ಬಿಡಿಸಿದರು. ಅವನು ತಲೆ ಎತ್ತಲಿಲ್ಲ. ತಿಮ್ಮೇಶನ ಕಿವಿಯಲ್ಲಿ ಹಿಂದಿನ ರಾತ್ರಿಯ ಸದ್ದು ಇನ್ನೂ ಹೊಡೆಯುತ್ತಿತ್ತು, ಆದರೆ ಪುಣ್ಯಾತ್ಮ ಬಾಯಿ ಬಿಡಲಿಲ್ಲ. ಥೂ! ಆಮೇಲೆ ಕುಳ್ಳಯ್ಯ ಕುಡಿತ ಬಿಟ್ಟ, ಇವನು ಕುಣಿತ ಬಿಟ್ಟ. ಮದುವೆ ಮನೆಯಲ್ಲಿ ಬ್ಯಾಂಡು ಶುರುವಾದರೆ ಸಾಕು, ಎದ್ದು ಹೊರಗೆ ಹೋಗುತ್ತಿದ್ದ.

ಹೊತ್ತು ಇಳಿಯುವಾಗ ತಿಮ್ಮೇಶ ಕೊನೆಗೂ ಕುಳ್ಳಯ್ಯನ ಮನೆಗೆ ಹೋದ. ಮುದುಕ ಜಗಲಿಯ ಮೇಲೆ ಹಗ್ಗ ಹೊಸೆಯುತ್ತಿದ್ದ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತುಹೋಯಿತು.

“ಮಾವ, ಆವತ್ತು ಅಲಗೆ ಕಿತ್ತಿದ್ದು ನಾನು. ಕುಣಿಯಕ್ಕೆ ಓಗಿದ್ದೆ.”

ಕುಳ್ಳಯ್ಯನ ಕೈ ನಿಂತಿತು. ಈಗ ಹೊಡೆಯುತ್ತಾನೆ ಎಂದು ತಿಮ್ಮೇಶ ಕಾದ, ಹೊಡೆದಿದ್ದರೆ ಚೆನ್ನಾಗಿತ್ತು. ಮುದುಕ ತನ್ನ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ.

“ಕುಡ್ದಿದ್ನಲ್ಲ, ಅಮಲಲ್ಲಿ ನಾನೇ ಕಿತ್ತಿರ್ಬೇಕು ಅಂತ ನಂಬ್ಕಬುಟ್ಟಿದ್ದೆ ಕಣ್ಲಾ,” ಎಂದ.

ಊರು ಅವನನ್ನು ನಂಬಲಿಲ್ಲ ಎಂದಷ್ಟೇ ತಿಮ್ಮೇಶ ತಿಳಿದಿದ್ದ. ತನ್ನ ಕೈಯನ್ನೇ ತಾನು ನಂಬದೆ ಆ ಮನುಷ್ಯ ಏಳು ವರ್ಷ ಬದುಕಿದ್ದು ಅವನಿಗೆ ಗೊತ್ತಿರಲಿಲ್ಲ. ಅಳು ತಡೆಯಲಾಗದೆ ಮೆಟ್ಟಿಲ ಮೇಲೆ ಕುಸಿದ. ಕಣ್ಣೊರೆಸಿಕೊಂಡು, ಕಟ್ಟೆಗೆ ಹೋಗಿ ಎಲ್ಲರೆದುರು ಹೇಳುತ್ತೇನೆ, ಬಾ ಎಂದು ಕರೆದ.

ಕುಳ್ಳಯ್ಯ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡ.

“ಕಟ್ಟೆ ಆಮೇಲಾಯ್ತದೆ. ಮೊದ್ಲು ಸಿದ್ಲಿಂಗಮ್ಮನ ಮನೆಗೆ ನಡಿ. ನಾಚ್ಕೆಗೆ ಏಳು ವರ್ಸದಿಂದ ಆ ಬೀದೀನೇ ತುಳ್ದಿಲ್ಲ ನಾನು. ನೀನು ಬಾಯ್ಬುಟ್ಟು ಮಾತಾಡು, ನಾನು ಅವಳ ಮಕ ನೋಡ್ಬೇಕು.”